ಬೋಳುಗುಡ್ಡದ ಕೂಗು

"ಗುರುಗಳೇ, ಒಬ್ಬ ಮನುಷ್ಯನನ್ನು ನಂಬಬಹುದೋ ಬಾರದೋ ಎಂದು ತಿಳಿಯುವುದು ಹೇಗೆ?"

ಬೆಳಗಿನ ಪೂಜೆ ಮುಗಿದಿತ್ತು. ಗುರುಗಳು ವಿಭೂತಿ ಧರಿಸಿ ಮಠದ ಜಗಲಿಯ ಮೇಲೆ ಬಂದು ಕುಳಿತಿದ್ದರು. ಕೇಳಿದವನು ಅವರ ಶಿಷ್ಯ ಗುರುಶಾಂತ. ಮಠದ ಉಗ್ರಾಣ ಅವನ ವಶದಲ್ಲಿತ್ತು.

"ಯಾರ ವಿಷಯ ಮಗೂ?"

"ತಿಪ್ಪಯ್ಯನದು. ಗುಡ್ಡದಾಚೆಯ ಹಟ್ಟಿಗೆ, ಕಾಯಿಲೆ ಬಿದ್ದವರಿಗೂ ಕೈಲಾಗದವರಿಗೂ ಮಠದಿಂದ ರಾಗಿ ಹಿಟ್ಟು ಹೋಗುತ್ತದೆಯಲ್ಲ, ಹೊತ್ತು ಹೋಗುವವನು ಅವನೇ. ಹೋಗುತ್ತಾನೆ, ಬರುತ್ತಾನೆ. ಯಾರಿಗೆ ಕೊಟ್ಟ, ಅವರು ಹೇಗಿದ್ದಾರೆ, ಒಂದು ಮಾತಿಲ್ಲ. ನಾನೇ ಕೇಳಿದರೆ 'ಆಯ್ತು ಬುದ್ದೀ' ಅನ್ನುತ್ತಾನೆ, ಕಾಲು ತೊಳೆಯಲು ಹಿತ್ತಲಿಗೆ ಹೋಗಿಬಿಡುತ್ತಾನೆ. ಕೆಳಗಿನ ಕೇರಿಗೆ ಹಿಟ್ಟು ಒಯ್ಯುವವನನ್ನು ನೋಡಿ. ಬಂದವನೇ ನನ್ನೆದುರು ಕೂತು, ಯಾವ ಅಜ್ಜಿ ಏನೆಂದಳು, ಯಾರು ಮಠದ ಕಡೆಗೆ ತಿರುಗಿ ಕೈಮುಗಿದರು, ಎಲ್ಲವನ್ನೂ ಒಪ್ಪಿಸುತ್ತಾನೆ. ಕೇಳುತ್ತಿದ್ದರೆ ಮನಸ್ಸು ತುಂಬುತ್ತದೆ. ತಿಪ್ಪಯ್ಯ ದಾರಿಯಲ್ಲೇ ಹಿಟ್ಟು ಮಾರಿಕೊಳ್ಳುತ್ತಾನೆಂದು ಮಠದಲ್ಲಿ ನಾಲ್ಕು ಜನ ಆಡಿಕೊಳ್ಳುತ್ತಿದ್ದಾರೆ. ಅವನನ್ನು ಬಿಡಿಸಿ, ಆ ಕೆಲಸವನ್ನೂ ಇವನಿಗೇ ವಹಿಸಬೇಕೆಂದಿದ್ದೇನೆ. ತಮ್ಮ ಅಪ್ಪಣೆಯಾಗಬೇಕು."

ಗುರುಗಳು ಅಪ್ಪಣೆ ಕೊಡಲಿಲ್ಲ. ಬೇಡವೆಂದೂ ಹೇಳಲಿಲ್ಲ. ಕಣ್ಣು ಮುಚ್ಚಿ ಶಿವನನ್ನು ನೆನೆದರು. ಆಮೇಲೆ ಈ ಕತೆ ಹೇಳಿದರು.

ಬಯಲುಸೀಮೆಯಲ್ಲಿ ಕುರಿಗಾಹಿಗಳಿದ್ದರು. ಅವರಿಗೆ ಊರೆಂಬುದು ಇರಲಿಲ್ಲ. ಹುಲ್ಲಿದ್ದ ಕಡೆ ಕುರಿ ಕೂಡಲು ಬೇಲಿ ಕಟ್ಟಿ ರೊಪ್ಪ ಹಾಕುವರು. ಹುಲ್ಲು ತೀರಿದರೆ ರೊಪ್ಪ ಕಿತ್ತು ಕುರಿ ಹೊಡೆದುಕೊಂಡು ಮುಂದೆ ಹೋಗುವರು. ಇವತ್ತು ಇಲ್ಲಿ ಕಂಡವನು ಬರುವ ವಾರ ಎಲ್ಲಿರುತ್ತಾನೋ ದೇವರಿಗೇ ಗೊತ್ತು. ಅಂಥವರ ನಡುವೆ ಸುದ್ದಿ ಒಯ್ಯಲು ಗೊತ್ತಾದ ದಾರಿ ಎಲ್ಲಿಂದ ಬರಬೇಕು? ಓಲೆಕಾರನೂ ಇರಲಿಲ್ಲ. ಇದ್ದದ್ದು ಕೂಗು ಒಂದೇ.

ತೋಳ ಬಂದರೆ ಕೂಗು, ಮಗು ಹುಟ್ಟಿದರೆ ಕೂಗು, ಮದುವೆ ಗೊತ್ತಾದರೆ ಕೂಗು. ಒಬ್ಬನ ದನಿ ಮುಟ್ಟುವಷ್ಟು ದೂರದಲ್ಲಿ ಇನ್ನೊಬ್ಬನಿರುತ್ತಾನೆ. ಅವನ ದನಿ ಮುಟ್ಟುವಷ್ಟು ದೂರದಲ್ಲಿ ಮತ್ತೊಬ್ಬ. ಹೀಗೆ ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗಿ, ಯಾರಿಗೆ ಸೇರಬೇಕೋ ಅವನಿಗೆ ಸುದ್ದಿ ಸೇರಬೇಕು. ಇಂಥವನಿಗೆ ಕೂಗು ಕೊಡು ಎಂದು ಹೇಳಲು ಅವರಲ್ಲಿ ಯಜಮಾನನಿರಲಿಲ್ಲ. ಸುತ್ತಲೂ ಯಾರಿದ್ದಾರೆಂದು ನೋಡಿಕೊಂಡು, ಯಾರ ಮೇಲೆ ನಂಬಿಕೆಯಿದೆಯೋ ಅವನ ಹೆಸರು ಹಿಡಿದು ಕೊಡಬೇಕು. ಹೆಸರು ಹಿಡಿಸಿಕೊಂಡವನು ಮಾತ್ರ ಅದನ್ನು ಮುಂದಕ್ಕೆ ಕೂಗಬೇಕು. ಕೇಳಿಸಿಕೊಂಡವರೆಲ್ಲ ಕೂಗಹೊರಟರೆ ಬಯಲೆಲ್ಲ ಗದ್ದಲವಾಗಿ ಯಾರಿಗೂ ಏನೂ ತಿಳಿಯುವುದಿಲ್ಲವಲ್ಲ.

ಇದರ ಜೊತೆಗೆ ಇನ್ನೊಂದು ಪದ್ಧತಿ ಇತ್ತು. ಕೂಗು ಕೊಟ್ಟವನು ತಕ್ಷಣ ಕೂರುವಂತಿಲ್ಲ. ಕಂಬಳಿಯನ್ನು ಹೆಗಲ ಮೇಲೇ ಇಟ್ಟುಕೊಂಡು ನಿಂತಿರಬೇಕು. ಇಸಿದುಕೊಂಡವನು ಅದನ್ನು ಮುಂದಿನವನಿಗೆ ಕೂಗಿದ ದನಿ ತನ್ನ ಕಿವಿಗೆ ಬಿದ್ದ ಮೇಲೆಯೇ ಕಂಬಳಿ ಹಾಸಿ ಕೂರಬೇಕು. ಇದಕ್ಕೆ ಅವರು ಕಿವಿ ಕಾಯುವುದು ಎನ್ನುತ್ತಿದ್ದರು. ಹಿಂದೆಂದೋ ಒಬ್ಬ ಸೋಮಾರಿ ಕೂಗು ಇಸಿದುಕೊಂಡು ನುಂಗಿ ಕೂತಿದ್ದನಂತೆ. ಅಂದಿನಿಂದ ಹಿರಿಯರು ಈ ಕಟ್ಟಳೆ ಮಾಡಿದ್ದರು. ಒಳ್ಳೆಯ ಕಟ್ಟಳೆಯೇ. ಅದರಿಂದ ಎಷ್ಟೋ ಕುರಿ ಉಳಿದವು, ಎಷ್ಟೋ ಜೀವ ಉಳಿದವು.

ಆ ಕುರಿಗಾಹಿಗಳಲ್ಲಿ ಪಾಲಯ್ಯ ಎಂಬುವನೊಬ್ಬ. ದೈವಭಕ್ತ, ಮಾತಿನಲ್ಲಿ ನೇರ. ಅವನಿಗೆ ಚಿತ್ತಯ್ಯ ಎಂಬ ತಮ್ಮ. ತಂದೆತಾಯಿ ಬೇಗ ಹೋದದ್ದರಿಂದ ಪಾಲಯ್ಯನೇ ಅವನನ್ನು ಹೆಗಲ ಮೇಲೆ ಹೊತ್ತು ಕುರಿಯ ಹಿಂದೆ ತಿರುಗಿ ಬೆಳೆಸಿದ್ದ. ಚಿತ್ತಯ್ಯನಿಗೆ ಮದುವೆಯಾಗಿ ಮಂದೆ ಬೇರೆಯಾದ ಮೇಲೂ ಅಣ್ಣನ ಮಾತೆಂದರೆ ಅವನಿಗೆ ದೇವರ ಮಾತಿದ್ದ ಹಾಗೆ.

ಆ ವರ್ಷ ಬೇಸಿಗೆಗೆ ಪಾಲಯ್ಯ ಮೇಲಿನ ಬಯಲಿನಲ್ಲಿ ರೊಪ್ಪ ಹಾಕಿದ. ಚಿತ್ತಯ್ಯ ಕೆಳಗೆ ದೊಡ್ಡ ಹಳ್ಳಕ್ಕೆ ಇಳಿದ. ಬೇಸಿಗೆಯಲ್ಲಿ ಹಳ್ಳ ಒಣಗಿರುತ್ತದೆ. ನಡುವೆ ಮರಳ ದಿಬ್ಬಗಳ ಮೇಲೆ ಗರಿಕೆ ಹಸಿರಾಗಿರುತ್ತದೆ. ಕುರಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ. ಆದರೆ ದೂರದ ಬೆಟ್ಟದಲ್ಲಿ ಮಳೆಯಾದರೆ, ಇಲ್ಲಿ ಬಿಸಿಲಿದ್ದಾಗಲೇ ಹಳ್ಳಕ್ಕೆ ನೀರು ಬಂದುಬಿಡುತ್ತದೆ. ಹಳ್ಳದೊಳಗೆ ಇರುವವನಿಗೆ ಅದು ಕಾಣುವುದಿಲ್ಲ. ಮೇಲಿನ ಬಯಲಿನವರು ಕೂಗಿ ಹೇಳಬೇಕು. ಚಿತ್ತಯ್ಯ ಹಳ್ಳಕ್ಕೆ ಇಳಿದದ್ದು ಆ ಕೂಗನ್ನು ನಂಬಿಯೇ.

ಪಾಲಯ್ಯನ ರೊಪ್ಪಕ್ಕೂ ಹಳ್ಳಕ್ಕೂ ನಡುವೆ ಎರಡು ಗುಡ್ಡಗಳಿದ್ದವು. ಮೂಡಲಿಗೆ ಬೋಳುಗುಡ್ಡ. ಅಲ್ಲಿ ಬೋರಯ್ಯನೆಂಬುವನು ತನ್ನ ಸಣ್ಣ ಮಂದೆಯೊಡನೆ ಇದ್ದ. ಅವನದು ಗೊಗ್ಗರು ದನಿ, ಮಾತು ಕಡಿಮೆ. ಪಡುವಲಿಗೆ ಕುರುಚಲು ಗುಡ್ಡ. ಅಲ್ಲಿದ್ದವನು ಕಾಟಯ್ಯ. ಅವನು ಬಾಯಿ ತೆರೆದರೆ ಗುಡಿಯ ಗಂಟೆ ಬಾರಿಸಿದಂತೆ ಇರುತ್ತಿತ್ತು. ಹಳ್ಳಕ್ಕೆ ಹೋಗುವ ಸುದ್ದಿ ಇವರಿಬ್ಬರಲ್ಲಿ ಒಬ್ಬನ ಬಾಯಿಂದ ಹೋಗಬೇಕು.

ಮೊದಲು ಪಾಲಯ್ಯ ಬೋರಯ್ಯನಿಗೇ ಕೂಗು ಕೊಡುತ್ತಿದ್ದ. ಬೋಳುಗುಡ್ಡ ಹಳ್ಳಕ್ಕೆ ಹತ್ತಿರ. ಕೊಟ್ಟು, ಕಂಬಳಿ ಹೆಗಲ ಮೇಲಿಟ್ಟುಕೊಂಡು ಕಿವಿ ಕಾಯುತ್ತಿದ್ದ. ಬೋರಯ್ಯ ದೂರದಿಂದ ಕೋಲೆತ್ತಿ ಕೇಳಿತೆಂದು ತೋರಿಸುತ್ತಿದ್ದ. ಆಮೇಲೆ ಗುಡ್ಡದ ನೆತ್ತಿ ದಾಟಿ ಮರೆಯಾಗುತ್ತಿದ್ದ. ಅಷ್ಟೇ. ಕೂಗಿದ ದನಿಯೇ ಇಲ್ಲ. ಪಾಲಯ್ಯ ನಿಂತು ನಿಂತು ಕಾಲು ನೋಯಿಸಿಕೊಂಡು, ಕೊನೆಗೆ ಬೇಸರದಿಂದ ಕೂರುತ್ತಿದ್ದ.

ಒಂದು ದಿನ ಕುರಿಗೆ ನೀರು ಕುಡಿಸುವ ಕಟ್ಟೆಯ ಹತ್ತಿರ ಕಾಟಯ್ಯ ಸಿಕ್ಕಿದ.

"ಏನಣ್ಣಾ, ನಿನ್ನೆ ನಿಂತೇ ಇದ್ದೆಯಲ್ಲಾ ಹೊತ್ತು ಮುಳುಗೋ ತನಕ! ಬೋರಯ್ಯನ ಕೂಗು ಕೇಳೋಕಾ? ಕೋಳಿಗೆ ಹಲ್ಲು ಬರೋದನ್ನು ಕಾಯೋದೂ ಅದನ್ನು ಕಾಯೋದೂ ಒಂದೇ ಕಣಣ್ಣಾ."

"ಅವನು ನೆತ್ತಿ ದಾಟಿ ಹೋಗ್ತಾನಲ್ಲೋ, ಯಾಕೆ?"

"ಯಾಕೆ ಅಂದ್ರೆ? ಆ ಕಡೆ ನೆರಳಿದೆ. ಕಂಬಳಿ ಹೊದ್ದು ಮಲಗ್ತಾನೆ. ನಾನು ಹೇಳಿದೆ ಅಂತ ಅನ್ನಬೇಡ ಮತ್ತೆ."

ಪಾಲಯ್ಯ ಒಬ್ಬನ ಮಾತು ಕೇಳಿ ತೀರ್ಮಾನ ಮಾಡುವವನಲ್ಲ. ಅಕ್ಕಪಕ್ಕದ ರೊಪ್ಪಗಳಲ್ಲಿ ವಿಚಾರಿಸಿದ. ಒಬ್ಬ, "ಬೋರಯ್ಯನಾ? ಮಲಗ್ತಾನಂತೆ ಕಣಪ್ಪ" ಎಂದ. ಇನ್ನೊಬ್ಬನೂ ಅದನ್ನೇ ಹೇಳಿದ. ಮತ್ತೊಬ್ಬಳು ಮುದುಕಿ, "ಅಯ್ಯೋ, ಅದು ಎಲ್ಲರಿಗೂ ಗೊತ್ತಿರೋದೇ" ಎಂದು ನಕ್ಕಳು. ಇಷ್ಟು ಜನ ಹೇಳಿದ ಮೇಲೆ ಇನ್ನೇನು ಎಂದುಕೊಂಡ ಪಾಲಯ್ಯ. ಅವರಿಗೆಲ್ಲ ಯಾರು ಹೇಳಿದರೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಎಲ್ಲರ ಬೆರಳೂ ಕುರುಚಲು ಗುಡ್ಡದ ಕಡೆಗೇ ತಿರುಗುತ್ತಿತ್ತು.

ಆ ದಿನಗಳಲ್ಲಿ ನೆಂಟರ ಮದುವೆಯೊಂದರಲ್ಲಿ ಅಣ್ಣತಮ್ಮಂದಿರು ಕೂಡಿದರು. ಊಟಕ್ಕೆ ಒಟ್ಟಿಗೆ ಕುಳಿತರು. ಚಿತ್ತಯ್ಯ ಮುದ್ದೆ ಮುರಿಯುತ್ತಾ, "ಅಣ್ಣಾ, ಆ ಬೋರಯ್ಯನ ಕೂಗು ಇದೆಯಲ್ಲಾ..." ಎಂದು ಶುರುಮಾಡಿದ.

"ಗೊತ್ತು ಬಿಡಪ್ಪಾ" ಎಂದ ಪಾಲಯ್ಯ. "ಎಲ್ಲರೂ ಹೇಳಿಯಾಗಿದೆ. ನೀನೊಬ್ಬ ಬಾಕಿ ಇದ್ದೆ. ಅದಕ್ಕೊಂದು ದಾರಿ ಮಾಡ್ತೀನಿ, ಉಣ್ಣು."

ಅಣ್ಣನಿಗೆ ತಿಳಿದಿದೆಯೆಂದು ಚಿತ್ತಯ್ಯ ಸಮಾಧಾನದಿಂದ ಉಂಡ. ತಮ್ಮನೂ ದೂರು ಹೇಳಹೊರಟನೆಂದುಕೊಂಡು ಪಾಲಯ್ಯ ಉಂಡ. ಒಂದೇ ಪಂಕ್ತಿಯಲ್ಲಿ ಕೂತು, ಒಂದೇ ಸಾರು ಉಂಡು ಎದ್ದವರು, ಒಂದೇ ಹೆಸರಿನ ಬಗ್ಗೆ ಎರಡು ಬೇರೆ ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೇರೆ ಬೇರೆ ದಾರಿ ಹಿಡಿದರು.

ಆಮೇಲಿಂದ ಪಾಲಯ್ಯ ಕಾಟಯ್ಯನಿಗೆ ಕೂಗು ಕೊಡತೊಡಗಿದ. ಕೊಟ್ಟ ಮರುಗಳಿಗೆಯೇ ಕಾಟಯ್ಯ ಗುಡ್ಡದ ನೆತ್ತಿಯ ಮೇಲೆ ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗುತ್ತಿದ್ದ. ಪಾಲಯ್ಯನಿಗೆ ಪ್ರತಿ ಅಕ್ಷರವೂ ಕೇಳಿಸುತ್ತಿತ್ತು. ಹಿಂದಿನ ರೊಪ್ಪದವರಿಗೂ ಕೇಳಿಸುತ್ತಿತ್ತು. ಹೆಂಗಸರು ಒಲೆಯ ಮುಂದೆ ಕೂತು, "ಎಂಥ ಗಂಟಲಪ್ಪಾ ಇವನದು, ಕೂಗಂದ್ರೆ ಇದು!" ಎನ್ನುತ್ತಿದ್ದರು. ಪಾಲಯ್ಯ ತೃಪ್ತಿಯಿಂದ ಕಂಬಳಿ ಹಾಸಿ, ಶಿವಾ ಎಂದು ಕೂರುತ್ತಿದ್ದ.

ಹೀಗೆ ಕೆಲವು ಕಾಲ ಕಳೆಯಿತು. ಬೋಳುಗುಡ್ಡಕ್ಕೆ ಕೂಗು ಕೊಡುವುದನ್ನು ಎಲ್ಲರೂ ಬಿಟ್ಟರು. ಒಂದು ಬೆಳಿಗ್ಗೆ ಬೋರಯ್ಯ ತನ್ನ ಮಂದೆ ಹೊಡೆದುಕೊಂಡು ಪಾಲಯ್ಯನ ರೊಪ್ಪದ ಮುಂದೆ ಬಂದು ನಿಂತ.

"ಗುಡ್ಡ ಬಿಡ್ತಿದೀನಿ ಅಣ್ಣಾ."

"ಹೂಂ ಕಣಪ್ಪಾ. ಹುಲ್ಲಿರೋ ಕಡೆ ಹೋಗು."

ಬೋರಯ್ಯ ಇನ್ನೇನನ್ನೋ ಹೇಳುವವನಂತೆ ನಿಂತಿದ್ದ. ಪಾಲಯ್ಯ ಕುರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದವನು ತಲೆ ಎತ್ತಲಿಲ್ಲ. ಬೋರಯ್ಯ ಕೋಲು ಎತ್ತಿ ಕುರಿಗಳನ್ನು ತಿರುಗಿಸಿಕೊಂಡು ಹೋದ. ಹೋದದ್ದೇ ಒಳ್ಳೆಯದಾಯಿತು ಎಂದು ಪಾಲಯ್ಯನಿಗೆ ಅನ್ನಿಸಿತು.

ಉಣ್ಣೆ ಕತ್ತರಿಸುವ ಕಾಲ ಬಂತು. ಅವರಲ್ಲಿ ಒಂದು ರೂಢಿ. ಅಣ್ಣನ ಮಂದೆಯ ಮೊದಲ ಉಣ್ಣೆಯನ್ನು ತಮ್ಮ ಬಂದು ಕತ್ತರಿಸಬೇಕು. ಆ ಉಣ್ಣೆಯಿಂದ ತಮ್ಮನ ಮನೆಗೆ ಕಂಬಳಿ ಆಗಬೇಕು. ಪಾಲಯ್ಯ ಕಾಟಯ್ಯನ ಹೆಸರು ಹಿಡಿದು ಕೂಗು ಕೊಟ್ಟ: ಚಿತ್ತಯ್ಯಾ, ಉಣ್ಣೆಗೆ ಬಾ, ಮಗುವನ್ನೂ ಕರಕೊಂಡು ಬಾ. ಕಾಟಯ್ಯ ನೆತ್ತಿಯ ಮೇಲೆ ನಿಂತು ಬಯಲೆಲ್ಲ ಮೊಳಗುವಂತೆ ಕೂಗಿದ. ಪಾಲಯ್ಯ ಟಗರನ್ನು ತೊಳೆದು, ಕತ್ತರಿ ಮಸೆದು, ಹೋಳಿಗೆ ಮಾಡಿಸಿ ಕಾದ. ಚಿತ್ತಯ್ಯ ಬರಲಿಲ್ಲ.

"ಕೂಗು ತಲುಪಿತೇನೋ ಕಾಟಯ್ಯಾ?" ಎಂದು ಕೇಳಿದ.

"ಅದೇನಣ್ಣಾ ಹಾಗಂತೀಯ? ನಿನಗೆ ಕೇಳಿಸಿತೋ ಇಲ್ಲವೋ?"

"ಕೇಳಿಸಿತು."

"ಮತ್ತೆ? ನಿನ್ನಷ್ಟು ದೂರಕ್ಕೇ ಕೇಳಿಸಿದ್ದು ಅವನಿಗೆ ಕೇಳಿಸದೆ ಇರುತ್ತಾ? ನಿನ್ನ ತಮ್ಮ ಈಗ ಹಳ್ಳದ ದೊರೆ ಕಣಣ್ಣಾ. ಅಣ್ಣ ಕರೆದ ಅಂತ ಓಡಿ ಬರೋಕೆ ಅವನೇನು ಚಿಕ್ಕವನಾ?"

ಆ ಮಾತು ಪಾಲಯ್ಯನ ಎದೆಗೆ ಮುಳ್ಳಿನಂತೆ ಹೊಕ್ಕಿತು. ಹೆಗಲ ಮೇಲೆ ಹೊತ್ತು ಬೆಳೆಸಿದವನು ಕರೆದರೂ ಬರಲಿಲ್ಲವಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಮೊದಲ ಉಣ್ಣೆಯನ್ನು ತಾನೇ ಕತ್ತರಿಸಿ ಮೂಟೆ ಕಟ್ಟಿ ಮೂಲೆಗಿಟ್ಟ. ಹಳ್ಳಕ್ಕೆ ಹೋಗಿ ತಮ್ಮನನ್ನು ಒಂದು ಮಾತು ಕೇಳಿ ಬರಬಹುದಿತ್ತು. ಹೋಗಿಬರಲು ಅರ್ಧ ದಿನ ಸಾಕಿತ್ತು. ಆದರೆ ಕರೆದವನು ತಾನು, ಬರಬೇಕಾದವನು ಅವನು. ಪಾಲಯ್ಯ ಹೋಗಲಿಲ್ಲ.

ಇದಾದ ಮೇಲೆ ಒಂದು ಮಧ್ಯಾಹ್ನ. ಆಕಾಶ ತೊಳೆದಿಟ್ಟ ಹಾಗೆ ಇತ್ತು. ದೂರದ ಬೆಟ್ಟದ ತಲೆಯ ಮೇಲೆ ಮಾತ್ರ ಮೋಡ ಕಪ್ಪಾಗಿ ಕೂತಿತ್ತು. ಹಿಂದಿನ ರೊಪ್ಪಗಳಿಂದ ಕೂಗು ಬಂತು. ಬೆಟ್ಟದಲ್ಲಿ ಭಾರಿ ಮಳೆ, ಹಳ್ಳಕ್ಕೆ ನೀರು ಬರುತ್ತಿದೆ, ಚಿತ್ತಯ್ಯಾ ದಡ ಹತ್ತು.

ಪಾಲಯ್ಯನ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಆರಿಹೋಯಿತು. ಅವನು ಓಡಿ ಬಂಡೆ ಹತ್ತಿ, ಗಂಟಲು ಹರಿಯುವಂತೆ ಕಾಟಯ್ಯನಿಗೆ ಕೂಗು ಕೊಟ್ಟ. ಕೊಟ್ಟು ನಿಂತ. ಕಂಬಳಿ ಹೆಗಲ ಮೇಲಿತ್ತು. ಕಾಟಯ್ಯ ನೆತ್ತಿಗೆ ಬಂದ, ಕೈ ಬಾಯಿಗೆ ಹಿಡಿದ, ಕೂಗಿದ. ಒಂದು ಸಲ ಕೂಗಿ ನಿಲ್ಲಿಸಲಿಲ್ಲ, ಮತ್ತೆ ಮತ್ತೆ ಕೂಗಿದ. ಹಳ್ಳಕ್ಕೆ ನೀರು, ದಡ ಹತ್ತು, ದಡ ಹತ್ತು. ಪಾಲಯ್ಯನಿಗೆ ಸ್ಪಷ್ಟವಾಗಿ ಕೇಳಿಸಿತು. ದೇವರು ದೊಡ್ಡವನು ಎಂದು ಎರಡೂ ಕೈ ಕಣ್ಣಿಗೊತ್ತಿಕೊಂಡ. ಕಂಬಳಿ ಹಾಸಿ ಕುಳಿತ.

ಹೊತ್ತು ಇಳಿಯುವಾಗ ಹಳ್ಳದ ಮೊರೆತ ಮೇಲಿನ ಬಯಲಿಗೂ ಕೇಳಿಸಿತು. ಆಗಲೂ ಅವನು ಅಂಜಲಿಲ್ಲ. ತಮ್ಮ ಈಗ ದಡದ ಮೇಲೆ ಕುರಿ ಎಣಿಸುತ್ತಿರಬೇಕು ಎಂದುಕೊಂಡ. ಇಂಥ ದಿನ ಸಿಟ್ಟು ಇಟ್ಟುಕೊಳ್ಳಬಾರದು ಎಂದು, ಮೂಲೆಯಲ್ಲಿಟ್ಟಿದ್ದ ಉಣ್ಣೆಯ ಮೂಟೆಯನ್ನು ಹೆಗಲಿಗೇರಿಸಿ, ಬೆಳಗಾದೊಡನೆ ಹಳ್ಳದ ಕಡೆಗೆ ಹೊರಟ.

ದಡದಲ್ಲಿ ಚಿತ್ತಯ್ಯನ ಹೆಂಡತಿ ಮಾರಕ್ಕ ಕುಳಿತಿದ್ದಳು. ಅವಳ ಮಡಿಲಲ್ಲಿ ಮಗು ಇತ್ತು. ಪಕ್ಕದಲ್ಲಿ ಎಳೆಯ ಮರಿಗಳ ಗೂಡು. ಮರಿಗಳಿಗೆ ಸೊಪ್ಪು ಹಾಕಲು ಅವಳು ದಡಕ್ಕೆ ಬಂದದ್ದರಿಂದ ಅವಳು, ಮಗು, ಆ ಮರಿಗಳು ಉಳಿದಿದ್ದವು. ಹಳ್ಳದಲ್ಲಿ ಕೆಂಪು ನೀರು ಇನ್ನೂ ಹರಿಯುತ್ತಿತ್ತು. ಮರಳ ದಿಬ್ಬಗಳಿರಲಿಲ್ಲ. ಮಂದೆ ಇರಲಿಲ್ಲ. ಚಿತ್ತಯ್ಯ ಇರಲಿಲ್ಲ.

ಪಾಲಯ್ಯ ಮೂಟೆ ಇಳಿಸಲಿಲ್ಲ. ಹೊತ್ತೇ ನಿಂತಿದ್ದ.

"ಕೂಗಿದೆವಲ್ಲಮ್ಮಾ. ಕಾಟಯ್ಯ ಅಷ್ಟು ಸಲ ಕೂಗಿದನಲ್ಲಾ. ನನಗೇ ಕೇಳಿಸಿತು. ನಿಮಗೆ ಕೇಳಿಸಲಿಲ್ವಾ?"

"ಕಾಟಯ್ಯನಾ?" ಎಂದಳು ಅವಳು. ಅತ್ತು ಅತ್ತು ಅವಳ ದನಿಯೂ ಹೋಗಿತ್ತು. "ಆ ಗುಡ್ಡದಿಂದ ನಮಗೆ ಒಂದು ದಿನವೂ ಕೂಗು ಬಂದಿಲ್ಲ ಭಾವಾ. ನಮಗೆ ಬರ್ತಾ ಇದ್ದದ್ದು ಬೋರಯ್ಯನ ಕೂಗು. ಅವನು ನೆತ್ತಿ ದಾಟಿ ಈ ಕಡೆ ಇಳೀತಿದ್ದ. ಅಗೋ, ಆ ಬಂಡೆಯ ತುದಿಗೆ ಬಂದು, ಹಳ್ಳಕ್ಕೆ ಮುಖ ಮಾಡಿ, ಚಿತ್ತಯ್ಯಾ ಅಂತ ಅನ್ನೋನು. ಗೊಗ್ಗರು ದನಿಯಾದರೂ ಎದುರಿಗೆ ನಿಂತು ಹೇಳಿದ ಹಾಗೆ ಕೇಳಿಸೋದು. ನಾವು ಕೈ ಎತ್ತಿ ತೋರಿಸೋ ತನಕ ಅಲ್ಲಿಂದ ಕದಲ್ತಿರಲಿಲ್ಲ. ಅವನು ಹೋದ ಮೇಲೆ ನಮಗೆ ಯಾವ ಕೂಗೂ ಇಲ್ಲ. ಉಣ್ಣೆ ಕಾಲದಲ್ಲಿ ನಿಮ್ಮ ತಮ್ಮ ಕಂಬಳಿ ಒಗೆದು, ತಲೆಗೆ ಎಣ್ಣೆ ಹಾಕಿಕೊಂಡು ಕಾದರು. ಅಣ್ಣ ಯಾಕೋ ಕರೀಲಿಲ್ಲವಲ್ಲೇ ಅಂತ ನೂರು ಸಲ ಅಂದಿರಬೇಕು. ಕರೀದೆ ಹೋಗೋದು ಹೇಗೆ ಅಂತ ಸುಮ್ಮನಾದರು."

ಮಾರಕ್ಕ ಮಗುವನ್ನು ಎದೆಗೆ ಒತ್ತಿಕೊಂಡಳು.

"ನಿನ್ನೆ ಬೆಟ್ಟದ ಮೇಲೆ ಮೋಡ ನಾನೇ ನೋಡಿದೆ ಭಾವಾ. ದಡಕ್ಕೆ ಬಂದುಬಿಡೋಣ ಬನ್ನಿ ಅಂದೆ. ನಕ್ಕರು. ನೀರು ಬರೋ ಹಾಗಿದ್ದರೆ ಅಣ್ಣ ಕೂಗು ಕಳಿಸದೆ ಇರ್ತಾನಾ, ನಮ್ಮಣ್ಣ ನಿನಗೆ ಗೊತ್ತಿಲ್ಲ ಅಂದರು. ಕುರಿಗೆ ಎರಡು ಬಾಯಿ ಗರಿಕೆ ಸಿಗಲಿ ಅಂತ ಅಲ್ಲೇ ಕೂತರು."

ಆಗ ಪಾಲಯ್ಯ ಮೂಟೆ ಇಳಿಸಿದ. ಅದರ ಮೇಲೆಯೇ ತಲೆಯಿಟ್ಟು, ದನಿ ತೆಗೆದು ಅತ್ತ.

ಅತ್ತು ಎದ್ದವನು ನೇರವಾಗಿ ಕುರುಚಲು ಗುಡ್ಡ ಹತ್ತಿದ. ಕಾಟಯ್ಯನನ್ನು ಬಯ್ಯಬೇಕು, ಹೊಡೆಯಬೇಕು ಎಂದೇ ಹೋಗಿದ್ದ. ಅವನು ನಿಲ್ಲುತ್ತಿದ್ದ ಜಾಗದಲ್ಲಿ ಹೋಗಿ ನಿಂತು ನೋಡಿದ. ಅಲ್ಲಿಂದ ಪಾಲಯ್ಯನ ರೊಪ್ಪ ಕಾಣುತ್ತಿತ್ತು, ಹಿಂದಿನ ರೊಪ್ಪಗಳೆಲ್ಲ ಕಾಣುತ್ತಿದ್ದವು, ಒಲೆಗಳ ಹೊಗೆ ಕಾಣುತ್ತಿತ್ತು. ಹಳ್ಳ ಬೆನ್ನ ಹಿಂದಿತ್ತು. ನಡುವೆ ಕುರುಚಲು ಕಾಡು, ಅದರಾಚೆ ಇಳಿಜಾರು. ಇಳಿದು ಹೋಗಲು ಮುಳ್ಳು, ಕಲ್ಲು. ಕಾಟಯ್ಯ ಆ ಕಡೆ ಒಂದು ದಿನವೂ ಇಳಿದಿರಲಿಲ್ಲ.

"ಕೂಗಿದೆನಲ್ಲಣ್ಣಾ" ಎಂದ ಕಾಟಯ್ಯ. ಅವನ ಮುಖ ಬಿಳುಚಿಕೊಂಡಿತ್ತು. "ನೀವೆಲ್ಲಾ ಕೇಳಿಸಿತು ಅಂದಿರಿ. ನೀವು ಹೊಗಳಿದಿರಿ. ಕೇಳಿಸಿತು ಅಂದ ಮೇಲೆ ಮುಟ್ಟಿತು ಅಂತಲೇ ನಾನು ತಿಳಿದಿದ್ದೆ. ದೇವರಾಣೆ."

ಪಾಲಯ್ಯನ ಎತ್ತಿದ ಕೈ ಹಾಗೆಯೇ ಕೆಳಗಿಳಿಯಿತು. ಅವನು ಹೊಗಳಿದ್ದು ನಿಜ. ಬೋರಯ್ಯನ ಮೇಲೆ ಕಾಟಯ್ಯ ಹೊರಿಸಿದ್ದು ಸುಳ್ಳು, ಆ ಪಾಪ ಕಾಟಯ್ಯನದು. ಆದರೆ ಅದನ್ನು ಒಮ್ಮೆ ಬೋಳುಗುಡ್ಡ ಹತ್ತಿ ನೋಡದೆ ಒಪ್ಪಿಕೊಂಡದ್ದು ಯಾರು? ಮದುವೆ ಊಟದಲ್ಲಿ ತಮ್ಮನ ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದು ಯಾರು?

ಪಾಲಯ್ಯ ಬೋರಯ್ಯನನ್ನು ಹುಡುಕಿಕೊಂಡು ಹೋದ. ಬಯಲಿನಿಂದ ಬಯಲಿಗೆ ಕೇಳುತ್ತಾ ಹೋಗಿ, ಕೊನೆಗೆ ಒಂದು ಕೆರೆಯಂಗಳದಲ್ಲಿ ಕಂಡ. ಬೋರಯ್ಯನ ಕುರಿಗಳು ಮೈ ತುಂಬಿಕೊಂಡಿದ್ದವು. ಹಳ್ಳದ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಪಾಲಯ್ಯನನ್ನು ನೋಡಿ ಅವನು ಎದ್ದು ನಿಂತು, ತನ್ನ ಕಂಬಳಿಯನ್ನು ಹಾಸಿ ಕೂರಿಸಿ, ಅಂಬಲಿ ತಂದುಕೊಟ್ಟ. ಪಾಲಯ್ಯ ಕುಡಿಯಲಿಲ್ಲ.

"ಗುಡ್ಡ ಯಾಕೆ ಬಿಟ್ಟೆ ಬೋರಯ್ಯಾ?"

"ಅಲ್ಲಿ ಹುಲ್ಲೆಲ್ಲಿತ್ತಣ್ಣಾ? ಅದು ಬೋಳುಗುಡ್ಡ. ಕುರಿ ಬಡಕಲಾದರೂ ಪರವಾಗಿಲ್ಲ, ಕೂಗು ಹೋಗಬೇಕಲ್ಲ ಅಂತ ಇದ್ದೆ. ನೀವು ಕೂಗು ಕೊಡೋದು ಬಿಟ್ಟಿರಿ. ಆಮೇಲೆ ಅಲ್ಲಿದ್ದು ಏನು ಮಾಡ್ಲಿ?"

"ಹೋಗೋ ದಿನ ಬಂದಿದ್ದೆಯಲ್ಲ. ನಾನು ಕೂಗ್ತಾ ಇದ್ದೆ, ನಿಮಗೆ ಕೇಳಿಸ್ತಿರಲಿಲ್ಲ ಅಷ್ಟೆ ಅಂತ ಒಂದು ಮಾತು ಹೇಳಬಾರದಿತ್ತಾ?"

ಬೋರಯ್ಯ ಕುರಿಗಳ ಕಡೆ ನೋಡಿದ. ಅವನು ಯೋಚಿಸುತ್ತಿದ್ದದ್ದು ಏನು ಹೇಳಬೇಕೆಂದಲ್ಲ, ಹೇಗೆ ಹೇಳಿದರೆ ಇವರಿಗೆ ನೋವಾಗುವುದಿಲ್ಲವೆಂದು.

"ನಿಮಗೆ ಕೇಳಿಸ್ತಿರಲಿಲ್ಲ ಅನ್ನೋದೇ ನನಗೆ ಗೊತ್ತಿರಲಿಲ್ಲ ಅಣ್ಣಾ" ಎಂದ. "ನಾನು ಆ ಕಡೆ ಮುಖ ಮಾಡಿ ನಿಂತಿರ್ತಿದ್ದೆ. ಚಿತ್ತಯ್ಯ ಕೈ ಎತ್ತೋನು. ಮುಟ್ಟಿತಲ್ಲ ಅಂತ ನಾನು ತಿರುಗಿ ಕುರಿಯ ಕಡೆ ಹೋಗೋನು. ನೀವು ಈ ಕಡೆ ಏನೂ ಕೇಳಿಸದೆ ನಿಂತೇ ಇರ್ತಿದ್ರಾ?"

ಪಾಲಯ್ಯ ಅವನ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡ. ಮರಳಿ ಬಾ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಯಾವ ಮುಖದಿಂದ ಕೇಳುವುದು? ಆ ಗುಡ್ಡಕ್ಕೆ ಮರಳಿ ಬಂದರೆ ಯಾರಿಗೆ ಕೂಗುವುದು? ಅಂಬಲಿಯನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಕುಡಿದು ಎದ್ದ.

ಪಾಲಯ್ಯ ಮೇಲಿನ ಬಯಲಿಗೆ ಹಿಂತಿರುಗಿದ. ಆದರೆ ತನ್ನ ರೊಪ್ಪದಲ್ಲಿ ನಿಲ್ಲಲಿಲ್ಲ. ತಮ್ಮನ ಹೆಂಡತಿಯನ್ನೂ ಮಗುವನ್ನೂ ಮನೆಯವರೊಡನೆ ಇರಿಸಿ, ಮಂದೆಯನ್ನು ಅವರಿಗೆ ಒಪ್ಪಿಸಿ, ಕೆಲವೇ ಕುರಿ ಹೊಡೆದುಕೊಂಡು ಬೋಳುಗುಡ್ಡ ಹತ್ತಿದ. ಮುಂದೆ ಪ್ರತಿ ಬೇಸಿಗೆಯಲ್ಲೂ ಹಳ್ಳಕ್ಕೆ ಇಳಿಯುವವರು ಯಾರಾದರೂ ಇದ್ದೇ ಇರುತ್ತಿದ್ದರು. ಯಾರಾದರೇನು, ಅವನಿಗೆ ಎಲ್ಲರೂ ಚಿತ್ತಯ್ಯನೇ. ಮೇಲಿನಿಂದ ಕೂಗು ಬಂದರೆ ಪಾಲಯ್ಯ ಕೋಲೆತ್ತಿ ತೋರಿಸುವನು. ನೆತ್ತಿ ದಾಟುವನು. ಆ ಬಂಡೆಯ ತುದಿಗೆ ಇಳಿದು, ಹಳ್ಳಕ್ಕೆ ಮುಖ ಮಾಡಿ, ಹೆಸರು ಹಿಡಿದು ಹೇಳುವನು. ಕೆಳಗೆ ಕೈ ಏಳುವ ತನಕ ಕದಲುತ್ತಿರಲಿಲ್ಲ. ಕೈ ಎದ್ದರೆ ಶಿವಾ ಎಂದು ತಾನೂ ಕೈಮುಗಿಯುವನು. ಹಳ್ಳಕ್ಕೆ ನೀರು ಬಂದ ವರ್ಷಗಳಲ್ಲೂ ಆಮೇಲೆ ಒಂದು ಜೀವವೂ ಹೋಗಲಿಲ್ಲ.

ಮೇಲಿನ ಬಯಲಿನಲ್ಲಿ ಹೊಸಬರು ಬಂದು ರೊಪ್ಪ ಹಾಕಿದ್ದರು. ಅವರಿಗೆ ಹಿಂದಿನದು ಗೊತ್ತಿರಲಿಲ್ಲ. ಕೂಗು ಕೊಟ್ಟು, ಕಂಬಳಿ ಹೆಗಲ ಮೇಲಿಟ್ಟುಕೊಂಡು ಕಿವಿ ಕಾಯುವರು. ಏನೂ ಕೇಳಿಸುತ್ತಿರಲಿಲ್ಲ. ನೀರಿನ ಕಟ್ಟೆಯ ಹತ್ತಿರ ಸೇರಿದಾಗ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು:

"ಬೋಳುಗುಡ್ಡದ ಮುದುಕ ಕೂಗು ಇಸಕೊಂಡು ಆ ಕಡೆ ಹೋಗಿ ಮಲಗಿಬಿಡ್ತಾನೆ ಕಣಪ್ಪಾ."

ಆ ಮಾತು ಪಾಲಯ್ಯನ ಕಿವಿಗೂ ಬಿತ್ತು. ಮುಂದಿನ ಕೂಗು ಬಂದಾಗಲೂ ಅವನು ಕೋಲೆತ್ತಿ ತೋರಿಸಿ, ನೆತ್ತಿ ದಾಟಿ ಇಳಿದ.

ಗುರುಗಳು ಕತೆ ನಿಲ್ಲಿಸಿದರು. ಬಿಸಿಲು ಜಗಲಿಯ ಅಂಚಿಗೆ ಬಂದಿತ್ತು. ಹಿತ್ತಲಲ್ಲಿ ಯಾರೋ ಹಿಟ್ಟಿನ ಚೀಲವನ್ನು ಹೆಗಲಿಗೆ ಎತ್ತಿಕೊಂಡು, ಹಿಂದಿನ ಬಾಗಿಲಿನಿಂದ ಗುಡ್ಡದ ಕಡೆಗೆ ಹೊರಟ ಸಪ್ಪಳವಾಯಿತು.

ಗುರುಶಾಂತ ಕಣ್ಣು ಒರೆಸಿಕೊಂಡ. ಪಾಲಯ್ಯನ ಮೇಲೆ ಅವನಿಗೆ ಕನಿಕರವೂ ಬಂದಿತ್ತು, ಸಿಟ್ಟೂ ಬಂದಿತ್ತು.

"ಎಂಥ ಮನುಷ್ಯ ಗುರುಗಳೇ! ತಮ್ಮನಿದ್ದದ್ದು ಅರ್ಧ ದಿನದಲ್ಲಿ ಹೋಗಿಬರುವಷ್ಟು ದೂರದಲ್ಲಿ. ಒಂದು ಸಲ ಹೋಗಿ, ನಿನಗೆ ಕೂಗು ಮುಟ್ಟುತ್ತಿದೆಯೇನಪ್ಪಾ ಎಂದು ಅವನನ್ನೇ ಕೇಳಬಾರದಿತ್ತೇ?"

ಗುರುಗಳು ಅವನ ತಲೆಯ ಮೇಲೆ ಮೆಲ್ಲಗೆ ಕೈಯಿಟ್ಟರು.

"ಗುಡ್ಡದಾಚೆಯ ಹಟ್ಟಿಗೆ ನೀನು ಯಾವತ್ತು ಹೋಗಿದ್ದೆ ಮಗೂ?"

ಗುರುಶಾಂತ ಹಿಂದಿನ ಬಾಗಿಲಿನ ಕಡೆಗೆ ತಿರುಗಿ ನೋಡಿದ.